ಇಡ್ಲಿ ಹಿಟ್ಟು ಮತ್ತು ಸಂಜೆಯ ಕರೆಂಟ್

ಎಲ್ಲದರಲ್ಲೂ ಫೇರ್ ಆಗಿರಬೇಕೆಂದು ಕಾನ್ವೆಂಟಿನ ಸಿಸ್ಟರ್‌ಗಳು ನನಗೆ ಚೆನ್ನಾಗಿಯೇ ಕಲಿಸಿದ್ದರು. ಆದರೆ ಇಡ್ಲಿ ಹಿಟ್ಟನ್ನು ಯಾವ ಹೊತ್ತಿನಲ್ಲಿ ರುಬ್ಬಿದರೆ ಫೇರ್ ಎಂಬುದು ಅವರ ಸಿಲಬಸ್ಸಿನಲ್ಲಿ ಇರಲಿಲ್ಲ. ಈ ವಯಸ್ಸಿನಲ್ಲಿ ಅದನ್ನು ಕಲಿಸುತ್ತಿರುವವಳು ನನ್ನ ಸೊಸೆ ಸುಧಾ. ಕೊಯಮತ್ತೂರಿನ ನಮ್ಮ ಅಪಾರ್ಟ್‌ಮೆಂಟಿನ ತಾರಸಿಗೆ ಸೋಲಾರ್ ಬಂದಿದೆ, ಅವಳೇ ಅಸೋಸಿಯೇಷನ್ ಸೆಕ್ರೆಟರಿ. "ಅತ್ತೆ, ಬಿಸಿಲಿರುವಾಗಲೇ ಗ್ರೈಂಡರ್ ಹಾಕಿಬಿಡಿ. ಸಂಜೆ ಊರೆಲ್ಲ ಒಟ್ಟಿಗೆ ಸ್ವಿಚ್ ಹಾಕುತ್ತೆ. ಸೂಲೂರಲ್ಲಿ ನಿಮ್ಮ ತಮ್ಮನ ಮಗ್ಗಕ್ಕೆ ಕರೆಂಟ್ ಬೇಡವಾ?" ಎಂದಳು. ತಮ್ಮನ ಹೆಸರೆತ್ತಿದರೆ ನಾನು ಬಗ್ಗುತ್ತೇನೆಂದು ಅವಳಿಗೆ ಗೊತ್ತು.

ಮಧ್ಯಾಹ್ನವೇ ರುಬ್ಬಿದೆ. ಸೆಖೆಗೆ ಹಿಟ್ಟು ಸಂಜೆಗೇ ಉಕ್ಕಿ, ಪಾತ್ರೆಯಿಂದಿಳಿದು ಅಡುಗೆಕಟ್ಟೆಯ ಮೇಲೆ ವಾಕಿಂಗ್ ಹೊರಟಿತ್ತು. ಹೊಸ ಹಲ್ಲುಸೆಟ್ಟಿನ ನಮ್ಮ ಯಜಮಾನರಿಗೆ ಬೆಳಗ್ಗೆ ಇಡ್ಲಿಯೊಂದೇ ಆಧಾರ. "ಇದಕ್ಕೆ ನಿಂಬೆಹಣ್ಣು ಹಿಂಡಿದೀಯಾ?" ಎಂದು ತಟ್ಟೆ ಸರಿಸಿ, ಹಸಿದುಕೊಂಡೇ ಪೇಪರ್ ಹಿಡಿದರು. ಮದುವೆಯಾದಾಗಿನಿಂದ ಇಡ್ಲಿಯ ವಿಷಯಕ್ಕೆ ನನ್ನನ್ನು ಬೈದವರಲ್ಲ, ಉಳಿದೆಲ್ಲಕ್ಕೂ ಬೈದಿದ್ದಾರೆ. ನಾನು ಚಿಕ್ಕವಳಿದ್ದಾಗ ಅಮ್ಮ ಸಂಜೆ ಒರಳಿನ ಮುಂದೆ ಕೂತರೆ ಯಾರ ಕರೆಂಟಿಗೂ ಕೈ ಹಾಕುತ್ತಿರಲಿಲ್ಲ. ಹಿಟ್ಟು ತಳ್ಳಿಕೊಡಲು ಪಕ್ಕದಲ್ಲಿ ನಾನಿರುತ್ತಿದ್ದೆ. ಆ ಸಂಜೆಗಳು ಎಲ್ಲಿ ಹೋದವೋ.

ಮುಂದಿನ ಸಲ ಹಿಟ್ಟನ್ನು ಫ್ರಿಜ್ಜಿಗೆ ತುಂಬಿದೆ. ಅದನ್ನು ತಣಿಸಲಾರದೆ ಫ್ರಿಜ್ಜು ಸಂಜೆಯೆಲ್ಲ ಗೊರಕೆ ಹೊಡೆಯಿತು. "ಅತ್ತೆ, ಗ್ರೈಂಡರ್ ಉಳಿಸಿದ್ದನ್ನ ಫ್ರಿಜ್ಜು ತಿಂತಿದೆ" ಎಂದಳು ಸುಧಾ. ಹಾಗಾದರೆ ನಾನು ಬಿಡಬೇಕಾದದ್ದು ರುಬ್ಬುವುದನ್ನೋ, ತಣಿಸುವುದನ್ನೋ, ಇಲ್ಲ ಯಜಮಾನರಿಗೆ ಬಡಿಸುವುದನ್ನೋ? ಟೋಟಲ್ ಕನ್‌ಫ್ಯೂಷನ್.

ಕೊನೆಗೆ ಬೀದಿ ಮೂಲೆಯ ಅಂಗಡಿಯ ಪ್ಯಾಕೆಟ್ ಹಿಟ್ಟು ತರಿಸತೊಡಗಿದೆ. ಇಡ್ಲಿ ಹತ್ತಿಯಂತಿತ್ತು. ಯಜಮಾನರು ಇನ್ನೆರಡು ಹಾಕಿಸಿಕೊಂಡರು. ಸ್ವಲ್ಪ ಹೊಟ್ಟೆ ಉರಿಯಿತು. ಆದರೆ ಅಸೋಸಿಯೇಷನ್ ಮೀಟಿಂಗಿನಲ್ಲಿ ಸುಧಾ, "ಸಂಜೆ ಹೊತ್ತು ಎಲ್ಲರಿಗಿಂತ ಕಡಿಮೆ ಕರೆಂಟ್ ನಮ್ಮತ್ತೆಯ ಅಡುಗೆಮನೆಯದು" ಎಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಕಾನ್ವೆಂಟಿನಲ್ಲಿ ಗುಡ್ ಕಾಂಡಕ್ಟ್ ಪ್ರೈಜ್ ಬಂದಷ್ಟೇ ಉಬ್ಬಿದೆ.

ಆ ಉತ್ಸಾಹದಲ್ಲಿ, ದೀಪ ಹಚ್ಚುವ ಹೊತ್ತಿಗೆ ಅಂಗಡಿಗೆ ನಾನೇ ಹೋದೆ. ಹಿಂದಿನ ಕೋಣೆಯಲ್ಲಿ ಆಳೆತ್ತರದ ಗ್ರೈಂಡರ್‌ಗಳು ಗುಡುಗುತ್ತಿದ್ದವು.

"ಏನಪ್ಪಾ, ಇದನ್ನ ಮಧ್ಯಾಹ್ನ ರುಬ್ಬಬಾರದಾ? ಇದು ಫೇರ್ ಅಲ್ಲ" ಎಂದೆ ತಮಿಳಿನಲ್ಲಿ.

"ಹುಳಿಯಾಗುತ್ತಲ್ಲ ಅಜ್ಜಿ" ಎಂದ ಅಂಗಡಿಯವನು, ಅವನೂ ತಮಿಳಿನಲ್ಲಿ. "ನಿಮ್ಮ ಫ್ಲಾಟಿನವರೆಲ್ಲ ಈಗ ನಮ್ಮಲ್ಲೇ ತಗೊಳ್ತಾರೆ. ಅದಕ್ಕೇ ಇನ್ನೊಂದು ಗ್ರೈಂಡರ್ ಹಾಕಿಸಿದೆ."

ಆ ಸದ್ದಿನಲ್ಲಿ ಏನೂ ಕೇಳಿಸದವಳ ಹಾಗೆ ಎರಡು ಪ್ಯಾಕೆಟ್ ತಗೊಂಡು ಬಂದೆ. ಬಿದ್ದ ಚಪ್ಪಾಳೆಯನ್ನು ವಾಪಸ್ ಕೊಡುವುದು ಹೇಗೆಂದು ಸಿಸ್ಟರ್‌ಗಳು ಕಲಿಸಿರಲಿಲ್ಲ.