ಬೆಂಕಿ ಇಲ್ಲದ ಸಾಮೂಹಿಕ ಅಡಗಿ

ಜೇವರ್ಗಿಯ ಸುಜ್ಞಾನ ಬಾಲಕರ ವಸತಿ ನಿಲಯದಾಗ ಹೋದ ಏಪ್ರಿಲ್ ತಿಂಗಳ ನಡೆದ ಸಾಮೂಹಿಕ ಅಡುಗೆ ಚಟುವಟಿಕೆಯು ಬೆಂಕಿ, ಚಾಕು ಹಾಗೂ ಅಡಗಿಯವರ ಸಹಾಯ ಇಲ್ಲದೆ ಸಂಪೂರ್ಣ ಯಶಸ್ವಿಯಾಯಿತು. ಇದರಾಗ ಆಶ್ಚರ್ಯಪಡೋವಂಥಾದ್ದು ಏನೂ ಇಲ್ಲ.

ಈ ಯಶಸ್ಸು ವಾರ್ಡನ್ ವಿಶ್ವಾರಾಧ್ಯರಿಗಿ ಭಾಳ ಬೇಕಾಗಿತ್ತು. ಅವರ ಹೆಂಡತಿ ಬಸವೇಶ್ವರಿ ಆಳಂದದಾಗ ಮನಿ, ಹೊಲ, ಎರಡು ಎಮ್ಮಿ ನೋಡ್ಕೊಂಡು ಇದ್ದಳು. ನಿಲಯದ ಅನ್ನ-ಸಾರು ಇವರ ಹೊಟ್ಟಿಗಿ ಒಗ್ಗತಿರಲಿಲ್ಲ. ಹಿಂಗಾಗಿ ಸೋಮವಾರಕ್ಕೊಮ್ಮೆ ಬಸ್ಸಿನ್ಯಾಗ ಒಂದು ಗಂಟು ಖಡಕ್ ರೊಟ್ಟಿ ಬರತಿತ್ತು. ಹೆಂಡತಿ ಕೈಯಿಂದ ತವಾದ ಮ್ಯಾಲಿನ ಬಿಸಿ ರೊಟ್ಟಿ ದಿನಾ ಸಂಜಿಗಿ ತಿನ್ನಬೇಕು, ಇಷ್ಟೇ ಅವರ ಜೀವನದ ಆಸೆ. ಆಳಂದಕ್ಕ ವರ್ಗಾವಣಿ ಕೇಳಲಾಕ ಹೋದಾಗ ಮ್ಯಾಲಿನ ಸಾಹೇಬ್ರು ದೌಲತರಾಯರು, "ಮೊದಲ ಒಂದು ಮಸ್ತ್ ಕಾರ್ಯಕ್ರಮ ಮಾಡಿ ತೋರಸ್ರಿ, ಆಮ್ಯಾಲ ನೋಡೂಣು" ಅಂದಿದ್ದರು.

ಅಷ್ಟರಾಗ ಆದೇಶ ಬಂತು: "ನಿಲಯದ ವಿದ್ಯಾರ್ಥಿಗಳು ಸ್ವಾವಲಂಬನೆಗಾಗಿ ಸ್ವತಃ ಸಾಮೂಹಿಕವಾಗಿ ಅಡುಗೆ ಮಾಡತಕ್ಕದ್ದು. ಅಡುಗೆ ಸಿಬ್ಬಂದಿ ಕೈಹಚ್ಚತಕ್ಕದ್ದಲ್ಲ." ಮರುದಿನ ಇನ್ನೊಂದು ಬಂತು: "ಸುರಕ್ಷತೆಯ ದೃಷ್ಟಿಯಿಂದ ವಿದ್ಯಾರ್ಥಿಗಳು ಬೆಂಕಿ ಹಾಗೂ ಹರಿತವಾದ ವಸ್ತು ಮುಟ್ಟತಕ್ಕದ್ದಲ್ಲ."

ವಿಶ್ವಾರಾಧ್ಯರು ಸಾಹೇಬ್ರಿಗಿ ಫೋನ್ ಹಚ್ಚಿದರು.

"ಸಾಹೇಬ್ರ, ಬೆಂಕಿ ಇಲ್ದ ಅಡಗಿ ಹ್ಯಾಂಗ್ರಿ?"

"ಅಡಗಿ ನಮ್ಮ ಸೆಕ್ಷನ್ನು, ವಿಶ್ವಾರಾಧ್ಯ. ಬೆಂಕಿ ಬ್ಯಾರೇ ಸೆಕ್ಷನ್ನು. ಎರಡೂ ಕೂಡಿಸಿ ಕೇಳಿದ್ರ ನಾ ಏನ್ ಹೇಳ್ಲಿ? ಶನಿವಾರ ಉದ್ಘಾಟನಾಕ್ಕ ಬರ್ತೇನಿ."

ಹುಡುಗುರ ಸಭಾ ಸೇರಿತು. ಅಡಗಿ ಮಾಡೋ ಮಲ್ಕಮ್ಮ ಬಾಗಲದಾಗ ನಿಂತು, "ಯಪ್ಪಾ, ಒಲಿ ನಾ ಹಚ್ಚಿಕೊಡ್ತೇನಿ, ಹುಡುಗುರು ಕುದಸ್ಲಿ" ಅಂದಳು. ಅದರಿಂದ ಎರಡೂ ಆದೇಶ ಒಂದೇ ಏಟಿಗಿ ಉಲ್ಲಂಘನೆ ಆಗ್ತದಂತ ಆಕೀಗಿ ತಿಳಿಸಿ ಹೇಳಲಾಯಿತು. ಬಿ.ಎ. ಕಡೀ ವರ್ಷದ ಆಫ್ತಾಬ ಎದ್ದು ನಿಂತ.

"ಸರ್, ಮೊನ್ನಿನ ಗಂಟು ನಿಮ್ಮ ರೂಮಿನ್ಯಾಗ ಹಂಗೇ ಅದಲ್ರಿ. ರೊಟ್ಟಿ ಕೈಲೇ ಮುರದು, ಶೇಂಗಾ ಹಿಂಡಿ ಪುಡಿ, ಮೊಸರು ಹಾಕಿ ಕಲಸಿದ್ರಾಯ್ತು. ಉಳ್ಳಾಗಡ್ಡಿ ಹೆಂಗೂ ನಾವು ಗುದ್ದೇ ಒಡೀತೀವಿ. ಚಾಕು ಎದಕ ಬೇಕ್ರಿ?"

"ಲೇ, ಅದು ನನ್ನ ಊಟಲೇ!"

"ವರ್ಗಾವಣಿ ಆದ್ರ ದಿನಾ ಬಿಸೀದು ಸಿಗ್ತದಲ್ರಿ ಸರ್."

ವಿಶ್ವಾರಾಧ್ಯರು ಗಂಟು ತಂದು ಇಟ್ಟರು. ಇಡುವಾಗ ಒಂದು ತುಣುಕು ಬಾಯಾಗ ಹಾಕ್ಕೊಂಡರಂತ ಕೆಲವರು ಹೇಳತಾರ, ದಾಖಲಾತಿ ಇಲ್ಲ.

ಶನಿವಾರ ಮಾಳಿಗಿ ಮ್ಯಾಲ ಕಾರ್ಯಕ್ರಮ. ಹುಡುಗುರು ರೊಟ್ಟಿಗಳನ್ನ ಮುಂಜಾನಿಯಿಂದಲೇ ಬಿಸಲಿಗಿ ಹರವಿದ್ದರು. ದೀಪಾನೂ ಬೆಂಕಿನೇ ಇದ್ದುದರಿಂದ ಹಚ್ಚಲಿಲ್ಲ. ಹಚ್ಚಿದಂಗ ತಿಳಕೋಬೇಕಂತ ಮೈಕಿನ್ಯಾಗ ವಿನಂತಿಸಿದ ಮ್ಯಾಲ ಎಲ್ಲಾರೂ ತಿಳಕೊಂಡು ಚಪ್ಪಾಳಿ ಹೊಡದರು. ದೌಲತರಾಯರು ಒಂದು ರೊಟ್ಟಿ ಮುಟ್ಟಿ ಕೈ ಹಿಂದಕ್ಕ ಜಗ್ಗಿದರು.

"ಇವು ಗರಂ ಹ್ಯಾಂಗ ಆದ್ವು? ಸೂರ್ಯ ಬೆಂಕಿ ಅಲ್ಲೇನು?"

ವಿಶ್ವಾರಾಧ್ಯರಿಗಿ ಆಳಂದ ಕಣ್ಣ ಮುಂದಿನಿಂದ ಹಿಂದ ಸರದಂಗಾಯ್ತು. ಆಫ್ತಾಬ ಅಂದ: "ಸೂರ್ಯ ನಮ್ಮ ಕಂಪೌಂಡಿನ ಹೊರಗ ಅದಾನ್ರಿ ಸಾಹೇಬ್ರ."

ದೌಲತರಾಯರು ಮ್ಯಾಲ ನೋಡಿ ಖಾತ್ರಿ ಮಾಡ್ಕೊಂಡರು. "ಬರಾಬ್ಬರಿ" ಅಂದರು.

ಆಮ್ಯಾಲ ಉದ್ಘಾಟನಾ ಗುದ್ದು. ಸಾಹೇಬ್ರ ಗುದ್ದು ಜೋರೇ ಬಿತ್ತು. ಉಳ್ಳಾಗಡ್ಡಿ ರಸ ಚಿಲ್ಲಂತ ಎರಡೂ ಕಣ್ಣಾಗ ಸಿಡೀತು. ಭಾಷಣ ಆಗಲಿಲ್ಲ, ಬರೇ ನೀರು. ಮೈಕಿನವ ಹೊತ್ತು ಕಳೀಲಿಲ್ಲ: "ವಿದ್ಯಾರ್ಥಿಗಳ ಸ್ವಾವಲಂಬನೆ ಕಂಡು ಮಾನ್ಯರು ಭಾವುಕರಾಗಿದ್ದಾರೆ." ಪೇಪರಿನ್ಯಾಗೂ ಹಂಗೇ ಬಂತು.

ಪರಿಣಾಮ ಅಗದೀ ಛಲೋ ಆಯ್ತು. ಮಾದರಿಯನ್ನ ಅಫಜಲಪುರ, ಆಳಂದಕ್ಕೂ ವಿಸ್ತರಿಸಲಾಯಿತು. ರೊಟ್ಟಿ ಪೂರೈಕಿ ಜವಾಬ್ದಾರಿ ಬಸವೇಶ್ವರಿಗಿ. ವಿಶ್ವಾರಾಧ್ಯರು ಮೂರೂ ತಾಲೂಕಿಗಿ ಬೆಂಕಿರಹಿತ ಅಡುಗೆಯ ನೋಡಲ್ ಅಧಿಕಾರಿ, ಕೇಂದ್ರಸ್ಥಾನ ಜೇವರ್ಗಿ. "ಇಂಥಾ ಮನಷ್ಯಾನ್ನ ಇಲ್ಲಿಂದ ಬಿಡಲಾಕ ಬರಂಗಿಲ್ಲ" ಅಂತ ಸಾಹೇಬ್ರು ಇನ್ನೂ ಕೆಂಪಿದ್ದ ಕಣ್ಣಲೇ ಹೇಳಿದರು.

ವಿಶ್ವಾರಾಧ್ಯರು ಹೆಂಡತಿಗಿ ಫೋನ್ ಹಚ್ಚಿದರು. "ರಜಾ ಹಾಕಿ ಬಂದುಬಿಡ್ತೇನಿ, ಬಸು. ಹಾಳಾಗಿ ಹೋಗ್ಲಿ ಇವರ ಚಟುವಟಿಕಿ."

"ಶ್ಯಾಣ್ಯಾರಂಗ ಮಾತಾಡ್ರಿ. ಓಣಿ ಹೆಣ್ಮಕ್ಕಳೆಲ್ಲಾ ಪಡಸಾಲ್ಯಾಗ ಕುಂತು ರೊಟ್ಟಿ ಬಡಿಯಾಕತ್ತಾರ. ನೀವು ಇಲ್ಲಿ ಬಂದ್ರ ಅಲ್ಲಿ ಬಸ್ಸಿನಿಂದ ಗಂಟು ಯಾರು ಇಳಸ್ಕೋತಾರ?"

"ಒಂದೇ ಒಂದು ಬಿಸಿ ರೊಟ್ಟಿ, ಬಸು..."

"ಬಿಸಲಿಗಿ ಇಟ್ಕೋರಿ. ಸೂರ್ಯ ಕಂಪೌಂಡಿನ ಹೊರಗ ಅದಾನಂತಲ್ಲ."

ಈಗ ಸೋಮವಾರಕ್ಕೊಮ್ಮೆ ಹತ್ತು ಗಂಟು ಬರತಾವ. ಎಲ್ಲಾದರ ಮ್ಯಾಲೂ ಬರದಿರತದ: "ಚಟುವಟಿಕೆಯ ಸಾಮಗ್ರಿ. ಸಿಬ್ಬಂದಿ ಸೇವಿಸತಕ್ಕದ್ದಲ್ಲ." ಮಲ್ಕಮ್ಮಗ ಬಡ್ತಿ ಸಿಕ್ಕದ; ಯಾರೂ ಒಲಿ ಹಚ್ಚದಂಗ ಅದರ ಮುಂದ ಕುರ್ಚಿ ಹಾಕ್ಕೊಂಡು ಕಾಯ್ತಾಳ. ವಿಶ್ವಾರಾಧ್ಯರು ಸಂಜಿಗಿ ಗಂಟುಗಳ ಪಕ್ಕದಾಗ ಕುಂತು, ಚುರಮುರಿ ಸುರುವಿಕೊಂಡು ಒಂದು ಉಳ್ಳಾಗಡ್ಡಿ ಗುದ್ದತಾರ. ಕಣ್ಣಾಗಿಂದ ನೀರು ಇಳೀತಾವ.

ಹಾದು ಹೋಗೋ ಹುಡುಗುರು ಚಪ್ಪಲಿ ಸಪ್ಪಳ ಮಾಡಂಗಿಲ್ಲ.

"ಸುಮ್ನಿರ್ರಿಲೇ" ಅಂತಾನ ಆಫ್ತಾಬ. "ಸರ್ ಭಾವುಕರಾಗ್ಯಾರ."