ಪಾನದಾನದೊಳಗಿನ ಕೀಲಿ

ಕಿರಾಣಿ ಅಂಗಡಿ ದತ್ತಪ್ಪನ ಹೊಟ್ಟೆ ಹನ್ನೆರಡು ಜೋಳದ ರೊಟ್ಟಿ ಹಿಡಿಯುತ್ತಿತ್ತು. ಸುದ್ದಿ ಮಾತ್ರ ಒಂದೂ ಹಿಡಿಯುತ್ತಿರಲಿಲ್ಲ. ಮುಂಜಾನೆ ಅವನ ಮೊಬೈಲಿಗೆ ಒಂದು ವಿಡಿಯೊ ಬಂದದ್ದೇ ತಡ, ಚಹಾ ಅರ್ಧಕ್ಕೆ ಬಿಟ್ಟು ಪಕ್ಕದ ಮನೆಯ ಟೇಲರ್ ಮಸೂದನ ಅಂಗಳಕ್ಕೆ ಬಂದ.

"ಮಸೂದಭಾಯ್, ಇಲ್ಲಿ ನೋಡ್ರಿ. ನಿಮ್ಮ ಕಾರಿನಂಥಾದ್ದೇ, ಗುಂಡಿ ಒತ್ತಿ ಚಾಲೂ ಮಾಡೋದು. ಕೀಲಿ ಮನಿಯೊಳಗ ಗೂಟಕ್ಕ ಅದ. ಕಳ್ಳ ಬಾಗಿಲ ಹೊರಗ ಒಂದು ಮಷೀನ್ ಹಿಡಕೊಂಡು ನಿಂತಾನ. ಕೀಲಿ ಸಿಗ್ನಲ್ ಹಿಡದು ಕಾರಿಗೆ ಮುಟ್ಟಸ್ತಾನ. ಕಾರು ಮಾಲಕನೇ ಬಂದಾನಂತ ತಿಳಕೊಂಡು ಬಾಗಿಲ ತೆಗೀತದ. ಒಂದ್ ನಿಮಿಷದ ಕೆಲಸ ನೋಡ್ರಿ."

ಮಸೂದ ಗಕ್ಕನೆ ಕಾರಿನತ್ತ ತಿರುಗಿದ, ಬಸಿಯೊಳಗಿನ ಚಹಾ ಕೊರಳಲ್ಲಿದ್ದ ಅಳತೆ ಟೇಪಿನ ಮೇಲೆ ಚೆಲ್ಲಿತು.

ಕಾರು ಅವನದಲ್ಲ, ಹೆಂಡತಿ ಮುಮತಾಜಳದು. ಆಳಂದ ಸುತ್ತಿನ ಹಳ್ಳಿಗಳಲ್ಲಿ ಮೂವತ್ತು ವರ್ಷ ನರ್ಸಾಗಿ ಬಸ್ಸಿನಲ್ಲಿ ಜೋತಾಡಿದವಳು, ರಿಟೈರಾದ ಮೇಲೆ ಹಟ ಹಿಡಿದು ಸೆಕೆಂಡ್‌ಹ್ಯಾಂಡ್ ಕಾರು ಕೊಂಡಿದ್ದಳು. ಅದರ ಜೊತೆ ಬಂದದ್ದು ಒಂದೇ ಕೀಲಿ. ಮಸೂದನಿಗೆ ಹೊಲಿಗೆ ಮಷೀನು ಬಿಟ್ಟರೆ ಕಾಲಿನಿಂದ ನಡೆಸುವ ಮತ್ತೊಂದು ಯಂತ್ರ ಗೊತ್ತಿರಲಿಲ್ಲ. ಅವನು ಎಡಗಡೆಯ ಸೀಟಿನಲ್ಲಿ, ಟಿಫಿನ್ ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ಶಾಲೆಗೆ ಹೊರಟ ಹುಡುಗನಂತೆ ಕೂಡುತ್ತಿದ್ದ.

ನಲವತ್ತು ದಿನದ ಹಿಂದೆ ಜೇವರ್ಗಿಯ ಮದುವೆಯಿಂದ ಬಂದು, ಬೇವಿನ ಗಿಡದ ಕೆಳಗೆ ಕಾರು ನಿಲ್ಲಿಸಿ, "ಎದ್ಯಾಗ ಒಂಥರಾ ಆಗಾಕತ್ತದ್ರಿ" ಎಂದು ಮಲಗಿದ ಮುಮತಾಜ ಮತ್ತೆ ಏಳಲಿಲ್ಲ.

ಅವಳು ಗಿಡ್ಡಗಿದ್ದಳು. ಮೂಗು ಸ್ಟೇರಿಂಗಿಗೆ ತಾಗೀತು ಅನ್ನುವಷ್ಟು ಸೀಟು ಮುಂದೆ ಎಳೆದುಕೊಂಡು, ಕನ್ನಡಿ ಕೆಳಗೆ ಬಾಗಿಸಿಕೊಂಡು ನಡೆಸುತ್ತಿದ್ದಳು. ಆ ಸೀಟು, ಆ ಕನ್ನಡಿ ಇನ್ನೂ ಹಾಗೆಯೇ ಇದ್ದವು. ದಿನಾ ಸಂಜೆ ಮಸೂದ ಬಾಗಿಲು ತೆಗೆದು ತನ್ನ ಎಡಗಡೆಯ ಸೀಟಿನಲ್ಲಿ ಅರ್ಧ ತಾಸು ಕೂತು, ಬಲಕ್ಕೆ ನೋಡಿ, ಎದ್ದು ಬರುತ್ತಿದ್ದ. ಅವಳು ಈಗಷ್ಟೇ ಇಳಿದು ಹಾಲು ತರಲು ಹೋದಂತಿರುತ್ತಿತ್ತು. ಬೇರೆ ಯಾರಿಗೂ ಒಳಗೆ ಕೂಡಗೊಡುತ್ತಿರಲಿಲ್ಲ.

ಇವತ್ತು ಅವಳ ನಲವತ್ತನೇ ದಿನದ ಫಾತಿಹಾ, ಪ್ರಾರ್ಥನೆ ಮಾಡಿ ಮಂದಿಗೆ ಊಟ ಹಾಕುವ ದಿನ. ಅಫಜಲಪುರದಿಂದ ಬಂದಿದ್ದ ಮುಮತಾಜಳ ತಂಗಿ ಜೀನತ ಎದ್ದಾಗಿನಿಂದ ಒಂದೇ ಮಾತು ಹಚ್ಚಿದ್ದಳು. "ದುಲ್ಹಾಭಾಯ್, ಮಂದಿ ಕೂಡಾಕ ಜಾಗ ಬೇಕು. ಯಾರಿಗರೆ ಹೇಳಿ ಕಾರ ಓಣಿಗೆ ಹಚ್ಚಸ್ರಿ."

"ಕಾರ ಅಲ್ಲಿಂದ ಹಂದಂಗಿಲ್ಲ. ಬೇಕಂದ್ರ ಬೇವಿನ ಗಿಡ ಕಡೀರಿ" ಎಂದಿದ್ದ ಮಸೂದ.

ಅಂಥವನಿಗೆ ದತ್ತಪ್ಪನ ವಿಡಿಯೊ ಅಂದರೆ ಹುಣ್ಣಿನ ಮೇಲೆ ಖಾರ. "ಏನ್ ಮಾಡಬೇಕ್ರಿ ಈಗ?" ಎಂದು ಕೇಳಿದ.

"ಕೀಲಿ ಲೋಹದ ಡಬ್ಬ್ಯಾಗ ಇಡಬೇಕ್ರಿ. ಸಿಗ್ನಲ್ ಹೊರಗ ಬರಬಾರದು."

ಪರೀಕ್ಷೆ ಶುರುವಾಯಿತು. ಮಸೂದ ಕೀಲಿಯನ್ನು ಡಬ್ಬಿಯಲ್ಲಿಟ್ಟುಕೊಂಡು ಕಾರಿನ ಹತ್ತಿರ ನಿಲ್ಲುವುದು, ದತ್ತಪ್ಪ ಹಿಡಿಕೆ ಒತ್ತುವುದು. ಚಪಾತಿ ಸುತ್ತುವ ಬೆಳ್ಳಿ ಹಾಳೆಯಲ್ಲಿ ಸುತ್ತಿದರು. ಅದೆಲ್ಲಿ ಹರಿದಿತ್ತೋ, ಕಾರು ಕುಂಯ್ ಎಂದು ಬಾಗಿಲು ತೆಗೆಯಿತು. ಟಿಫಿನ್ ಡಬ್ಬಿಯ ಮುಚ್ಚಳ ಸಡಿಲ. ಮತ್ತೆ ಕುಂಯ್. ಕುಕ್ಕರಿಗೆ ಕೈ ಹಾಕುವಷ್ಟರಲ್ಲಿ ಜೀನತ ಕಸಿದುಕೊಂಡಳು. "ಇದ್ರಾಗ ಮಟನ್ ಕುದಸ್ಬೇಕೋ ಕೀಲಿ ಕುದಸ್ಬೇಕೋ ಹೇಳಿಬಿಡ್ರಿ."

ಕೊನೆಗೆ ಮಸೂದ, ಮುಮತಾಜ ಎಲೆ ಅಡಿಕೆ ಇಡುತ್ತಿದ್ದ ಹಿತ್ತಾಳೆ ಪಾನದಾನ ತಂದ. ಜಿಪುಣನ ಮುಷ್ಟಿಯಷ್ಟು ಬಿಗಿ ಮುಚ್ಚಳ. ಒಳಗೆ ಸುಣ್ಣದ ವಾಸನೆ ಇನ್ನೂ ಇತ್ತು. ಕೀಲಿ ಇಟ್ಟು ಮುಚ್ಚಿದ. ದತ್ತಪ್ಪ ಹಿಡಿಕೆಯನ್ನು ಹತ್ತು ಸಲ ಒತ್ತಿದ. ಕಾರು ಹೊಸ ಸೊಸೆಯಂತೆ ಬಾಯಿ ಬಿಡಲಿಲ್ಲ.

"ಹೋಗ್ಲಿ ಬಿಡು, ಈಗ ಜೀವ ತಣ್ಣಗಾತು" ಎಂದು ಮಸೂದ ಪಾನದಾನವನ್ನು ಹೆಂಡತಿಯ ಅಲಮಾರಿಯಲ್ಲಿ, ಅವಳ ಬಟ್ಟೆಗಳ ನಡುವೆ ಇಟ್ಟ. ಜೀನತಳಿಗೂ ಹೇಳಲಿಲ್ಲ. ಗುಟ್ಟು ಗುಟ್ಟಾಗಿದ್ದರೇ ಅಲ್ಲವೇ ಬಂದೋಬಸ್ತು? ಆಮೇಲೆ ಹೂವು ತೆಗೆದುಕೊಂಡು ಕಬರಸ್ತಾನಕ್ಕೆ ಹೋದ.

ಒಂದು ಮಾತು ಮರೆತಿದ್ದ. ಅವರ ಮನೆತನದಲ್ಲಿ ನಲವತ್ತನೇ ದಿನ, ಹೋದವರ ಬಟ್ಟೆಬರೆ, ಸಾಮಾನು ಬಡವರಿಗೆ ಕೊಟ್ಟುಬಿಡುವ ಪದ್ಧತಿ. ತಿರುಗಿ ಬಂದಾಗ ಅಲಮಾರಿ ತೊಳೆದ ತಾಟಿನಂತೆ ಖಾಲಿ.

"ಜೀನತ, ಪಾನದಾನ ಎಲ್ಲಿ?"

"ಕಡಗಂಚಿ ರಮಾಬಾಯಿ ಬಂದಿದ್ಲಲ್ರಿ, ಅಕ್ಕ ಔಷಧ ಕೊಡ್ತಿದ್ಲಲ್ಲ, ಆ ಮುದುಕಿ. ಶಾಲು, ಪಾನದಾನ ಎರಡೂ ಅಕಿಗೇ ಕೊಟ್ಟೇನಿ. ಬಸ್ಸಿಗೆ ಹೋದ್ಲು."

ಮಸೂದ ಚಪ್ಪಲಿ ಒಂದು ಅವನದು, ಒಂದು ಬೇರೆಯವರದು ಹಾಕಿಕೊಂಡು ಓಣಿಯ ನದೀಮನ ಆಟೊ ಹತ್ತಿದ. ಆಟೊ ಎಷ್ಟು ಜೋರಾಗಿ ಓಡಿತೆಂದರೆ, ಅದರ ಸಪ್ಪಳ ಅದಕ್ಕಿಂತ ಹತ್ತು ನಿಮಿಷ ತಡವಾಗಿ ಕಡಗಂಚಿ ಮುಟ್ಟಿತು.

ಅಲ್ಲಿ ಕಟ್ಟೆಯ ಮೇಲೆ ಮುಮತಾಜಳ ಕಂದು ಶಾಲು ಹೊದ್ದು ಬೆನ್ನು ಮಾಡಿ ಒಬ್ಬಳು ಕೂತಿದ್ದಳು. ಮಸೂದನ ಕಾಲು ಅಲ್ಲೇ ನಿಂತವು. "ಮುಮತಾ..." ಎಂದು ಕರೆದೇಬಿಟ್ಟ. ಅವಳು ತಿರುಗಿದಳು. ಬಾಯಲ್ಲಿ ಒಂದೂ ಹಲ್ಲಿಲ್ಲದ ರಮಾಬಾಯಿ.

"ಪಾನದಾನ ತಗೊಂಡು ನಾ ಏನ್ ಮಾಡ್ಲಿ ಯಪ್ಪಾ, ಅಡಿಕಿ ಕಡಿಯಾಕ ಹಲ್ಲರೆ ಬೇಕಲ್ಲ? ನಿಮ್ಮ ಅಂಗಳದಾಗೇ ಭಾಗಮ್ಮನ ಕೈಯಾಗ ಕೊಟ್ಟು ಬಂದೇನಿ. ನರ್ಸಬಾಯಿ ಸಂಗಾಟ ದಿನಾ ಎಲಿ ಹಾಕ್ತಿದ್ದಾಕಿ ಅಕಿನೇ ಅಲ್ಲೇನು?"

ಭಾಗಮ್ಮ ಎದುರು ಮನೆಯವಳು. ಅಂದರೆ ಕೀಲಿ ಅಂಗಳದಲ್ಲೇ ಇತ್ತು, ಮಸೂದ ಮಾತ್ರ ಕಡಗಂಚಿಯಲ್ಲಿದ್ದ.

ಆಟೊ ತಿರುಗಿ ಬಂದಾಗ ಅಂಗಳದ ತುಂಬ ಜಮಖಾನೆ ಹಾಸಿತ್ತು, ಮಂದಿ ಉಣ್ಣುತ್ತಿದ್ದರು. ಬೇವಿನ ಗಿಡದ ಕೆಳಗೆ ಕಾರಿರಲಿಲ್ಲ. ಮಸೂದ ಉಣ್ಣುವವರ ನಡುವೆ ಹಾಯ್ದು ಗಿಡದ ಬುಡಕ್ಕೆ ಓಡಿದ.

"ಗಾಬರಿ ಆಗಬ್ಯಾಡ್ರಿ ಮಸೂದಭಾಯ್" ಎನ್ನುತ್ತ ದತ್ತಪ್ಪ ಬೆವರು ಒರೆಸಿಕೊಂಡು ಬಂದ. "ಕಾರ ಎಲ್ಲಿ ಹೋಗಿಲ್ಲ. ಓಣ್ಯಾಗ ನೆರಳಿಗೆ ಹಚ್ಚೇನಿ."

"ಬಾಗಿಲ ಹ್ಯಾಂಗ ತೆರೀತು?"

"ಅದೇ ಮಜಾ ನೋಡ್ರಿ. ಭಾಗಮ್ಮ ಕಾರಿಗೆ ಆನಕೊಂಡು ಕೂತು ಎಲಿ ಹಾಕ್ಕೊಳಾಕ ಪಾನದಾನ ತೆರದಾಳ. ನಾ ಜಮಖಾನಿ ಹೊತ್ತು ಹೊಂಟಿದ್ದೆ, ಮೊಣಕೈ ಹಿಡಿಕಿಗೆ ಬಡೀತು. ಕುಂಯ್ ಅಂತು. ನೋಡಿದ್ರ ಅಕಿ ಕೈಯಾಗ ಅದೇ ಪಾನದಾನ, ಒಳಗ ಕೀಲಿ. ಅಕಿನ್ನ ಪಾನದಾನ ಸಮೇತ ಒಳಗ ಕುಂದರಿಸಿ ಗುಂಡಿ ಒತ್ತಿದೆ, ಚಾಲೂ ಆತು."

"ಸೀಟು?" ಎಂದ ಮಸೂದ.

"ಆ ಸೀಟಿನಾಗ ಈ ಹೊಟ್ಟಿ ಹ್ಯಾಂಗ ಹಿಡಿಬೇಕ್ರಿ? ಪೂರಾ ಹಿಂದ ಸರಿಸ್ದೆ. ಕನ್ನಡಿನೂ ಮ್ಯಾಲ ಎತ್ತಿದೆ. ಅಕ್ಕನ ಕಾರು, ಹಿಂಥಾ ದಿನ ಧೂಳ ಹಿಡದಿರಬಾರದಂತ ನಾನೂ ಭಾಗಮ್ಮನೂ ಸಾಬಾನು ಹಚ್ಚಿ ಒಳಗೆಲ್ಲ ಒರೆಸೇವ್ರಿ. ಊದಿನಕಡ್ಡಿ ಹಚ್ಚೇವಿ. ನೀವು ಬಂದು ನೋಡಿದ್ರ ಖುಷಿ ಆಗ್ತೀರಂತ." ಹೇಳುತ್ತ ಹೇಳುತ್ತ ದತ್ತಪ್ಪನ ಕಣ್ಣಲ್ಲಿ ನೀರು ಬಂತು. "ನನ್ನ ಸಣ್ಣ ಮಗಳ ಹೆರಿಗಿ ಮಾಡ್ಸಿದಾಕಿರಿ ಅಕಿ. ಇಷ್ಟರೆ ಮಾಡಬೇಕಲ್ಲ?"

ಅಂಥವನಿಗೆ ಏನು ಬೈಯುವುದು? "ಛಲೋ ಮಾಡೀರಿ" ಎಂದ ಮಸೂದ.

ಭಾಗಮ್ಮ ಸುಣ್ಣ ಮೆತ್ತಿದ ಕೀಲಿಯನ್ನು ಸೆರಗಿನಿಂದ ಒರೆಸಿ ಕೊಟ್ಟಳು. ಅವನು ಓಣಿಗೆ ಹೋಗಿ ಕಾರಿನ ಬಾಗಿಲು ತೆಗೆದು ತನ್ನ ಎಡಗಡೆಯ ಸೀಟಿನಲ್ಲಿ ಕೂತ. ಬಲಗಡೆ ದತ್ತಪ್ಪನ ಹೊಟ್ಟೆಯಷ್ಟು ದೊಡ್ಡ ಖಾಲಿ. ಕಾರು ಊದಿನಕಡ್ಡಿ ನಾರುತ್ತಿತ್ತು.

ಅವಳ ಸೀಟಿನ ಕೆಳಗಿನ ಸರಳು ಹಿಡಿದು ಮುಂದೆ ಎಳೆದ. ಇಷ್ಟೋ? ಇನ್ನೊಂದು ಹಲ್ಲು ಮುಂದೆ ಇತ್ತೋ? ಹಿಂದೆ ಸರಿಸಿದ, ಮತ್ತೆ ಎಳೆದ. ಕೊರಳಿನ ಟೇಪು ತೆಗೆದು ಪೆಡಲಿನಿಂದ ಸೀಟಿನವರೆಗೆ ಹಿಡಿದ. ಅವಳ ಸಲವಾರು ಮೂವತ್ತೈದು ಇಂಚು, ಅದು ಗೊತ್ತು. ಕೂತಾಗ ಮೊಣಕಾಲು ಎಷ್ಟು ಮಡಚುತ್ತಿದ್ದಳು? ಅರ್ಧ ಆಳಂದದ ಎದೆ, ಸೊಂಟ, ತೋಳು ಅವನಿಗೆ ಬಾಯಿಪಾಠವಿದ್ದವು. ಇದೊಂದು ಅಳತೆ ತಗೊಂಡಿರಲಿಲ್ಲ.

ಸಂಜೆ ಮಂದಿ ಕರಗಿದ ಮೇಲೆ ಅವನು ಕೀಲಿಯನ್ನು ಬಾಗಿಲ ಪಕ್ಕದ ಗೂಟಕ್ಕೆ, ಎಲ್ಲರಿಗೂ ಕಾಣುವಂತೆ ತೂಗುಹಾಕಿದ. ಪಾತ್ರೆ ಎತ್ತುತ್ತಿದ್ದ ದತ್ತಪ್ಪ ನೋಡಿ ಹೌಹಾರಿದ.

"ಏ ಭಾಯ್, ಡಬ್ಬ್ಯಾಗ ಇಡ್ರಿ ಅದನ್ನ. ಕಳ್ಳ ಬಂದಾನು."

"ಬರ್ಲಿ ಬಿಡ್ರಿ ದತ್ತಪ್ಪಣ್ಣ" ಎಂದ ಮಸೂದ, ಟೇಪನ್ನು ಸುತ್ತುತ್ತ. "ಈಗ ಬಂದ್ರ ಅವಗ ಬರೇ ಕಾರಷ್ಟೇ ಸಿಗ್ತದ."