ಎಲ್ಲರಿಗೂ ಹತ್ತು

ಬಸ್ ಡಿಪೋದ ನೋಟೀಸ್ ಬೋರ್ಡಿನಲ್ಲಿ ಅಂಟಿಸಿದ್ದನ್ನು ಓದುವ ಅಭ್ಯಾಸ ಯಾರಿಗೂ ಇರಲಿಲ್ಲ. ಆವತ್ತು ಬೆಳಿಗ್ಗೆ ಮಾತ್ರ ಇಡೀ ಕಚೇರಿಯ ಸಿಬ್ಬಂದಿ ಅದರ ಮುಂದೆ ಕುತ್ತಿಗೆ ಚಾಚಿಕೊಂಡು ನಿಂತಿತ್ತು.

ಕೇಂದ್ರ ಕಚೇರಿಯವರು ಚುಟುಕಾಗಿ ಬರೆದಿದ್ದರು. ನೌಕರರ ತರ್ಕಶಕ್ತಿಯನ್ನು ಅಳೆಯಲು ಇಂದೇ ಮಧ್ಯಾಹ್ನ ಪರೀಕ್ಷೆ. ಹೋಲಿಕೆ, ನಿಯಮ, ಸರಳ ಲೆಕ್ಕ ಸೇರಿ ಇಪ್ಪತ್ತು ಪ್ರಶ್ನೆ. ಎಲ್ಲರಿಗಿಂತ ಹೆಚ್ಚು ಅಂಕ ತೆಗೆದವರಿಗೆ ದೂರು ವಿಭಾಗ. ಎಲ್ಲರಿಗಿಂತ ಕಡಿಮೆ ತೆಗೆದವರು ಎಷ್ಟೇ ಜನರಿದ್ದರೂ ಅವರಿಗೆ ಬಸ್ ತೊಳೆಯುವ ಶೆಡ್ಡು.

"ಬುದ್ಧಿ ಇದ್ದೋರಿಗೆ ಬೈಗುಳ, ಇಲ್ದೋರಿಗೆ ಸೋಪಿನ ನೀರು. ಚೆನ್ನಾಗಿದೆ ನ್ಯಾಯ!" ಎಂದರು ಟೈಪಿಸ್ಟಕ್ಕ.

ಗುಂಪಿನ ಹಿಂದೆ ನಿಂತಿದ್ದ ಕೊಡೆಯಪ್ಪನವರು ನೋಟೀಸನ್ನು ಎರಡೆರಡು ಸಲ ಓದಿದರು. ಅವರು ಕಳೆದುಹೋದ ಸಾಮಾನುಗಳ ಕೋಣೆಯ ಗುಮಾಸ್ತರು. ಪ್ರಯಾಣಿಕರು ಬಸ್ಸಿನಲ್ಲಿ ಮರೆತುಹೋದದ್ದೆಲ್ಲ ಅವರ ಸುಪರ್ದಿಗೆ ಬರುತ್ತಿತ್ತು. ಊಟದ ಡಬ್ಬಿ, ಕನ್ನಡಕ, ಒಂಟಿ ಚಪ್ಪಲಿ, ಒಮ್ಮೆ ಒಂದು ಹಲ್ಲಿನ ಸೆಟ್ಟು, ಇವೆಲ್ಲಕ್ಕಿಂತ ಹೆಚ್ಚಾಗಿ ಕೊಡೆಗಳು. ಗೋಡೆಯಲ್ಲಿ ಕೊಡೆ, ಕಪಾಟಿನಲ್ಲಿ ಕೊಡೆ, ಕುರ್ಚಿಯ ಕೆಳಗೂ ಕೊಡೆ. ಹಾಗಾಗಿ ಸಹೋದ್ಯೋಗಿಗಳು ಅವರಿಗೆ ಕೊಡೆಯಪ್ಪ ಎಂದು ಹೆಸರಿಟ್ಟಿದ್ದರು. ಅವರಿಗೆ ಬೇಸರವಿರಲಿಲ್ಲ. ಆ ಕೋಣೆ ಅವರಿಗೆ ಪ್ರಾಣ. ಕಳೆದುಕೊಂಡವರು ಹುಡುಕಿಕೊಂಡು ಬರುವುದೇ ಅಪರೂಪ, ಬಂದವರು ಕೈ ಮುಗಿದು ಹೋಗುತ್ತಾರೆ, ಮಿಕ್ಕ ಹೊತ್ತು ಕೊಡೆಗಳ ನಡುವೆ ತಣ್ಣನೆಯ ನಿದ್ದೆ. ಜಗತ್ತಿನಲ್ಲಿ ಅವರಿಗೆ ಬೇರೇನೂ ಬೇಕಾಗಿರಲಿಲ್ಲ.

ದೂರು ವಿಭಾಗದ ಕಥೆಯೇ ಬೇರೆ. ಅಲ್ಲಿದ್ದ ಹಿಂದಿನ ಗುಮಾಸ್ತರು ರಜೆ ಹಾಕಿ ಹೋದವರು ಇನ್ನೂ ಬಂದಿಲ್ಲ. ಮನೆಯಲ್ಲಿ ಕರೆಗಂಟೆ ಬಾರಿಸಿದರೂ "ನಾನಲ್ಲ, ನಾನಲ್ಲ" ಎನ್ನುತ್ತಾರಂತೆ.

ಕೊಡೆಯಪ್ಪನವರು ತಮ್ಮ ಕೋಣೆಗೆ ಬಂದು ಹೆಂಡತಿಗೆ ಫೋನು ಮಾಡಿ ಗೋಳು ತೋಡಿಕೊಂಡರು.

"ಫಸ್ಟ್ ಬಂದ್ಬಿಟ್ರೆ ಏನೇ ಗತಿ?"

"ಅದಕ್ಯಾಕೆ ಅಷ್ಟು ತಲೆ ಕೆಡಿಸ್ಕೋತೀರಿ? ನಿಮಗೆ ಗೊತ್ತಿರೋದನ್ನ ಗೊತ್ತಿರೋ ಹಾಗೆ ಬರೀರಿ. ಆ ಭಯ ತಾನಾಗೇ ಹೋಗುತ್ತೆ," ಎಂದು ಆಕೆ ಧೈರ್ಯ ಹೇಳಿ ಫೋನಿಟ್ಟರು.

ಆ ಧೈರ್ಯ ಅವರನ್ನು ಮನಸ್ಸಿನಲ್ಲೇ ನೇರವಾಗಿ ಬಸ್ ತೊಳೆಯುವ ಶೆಡ್ಡಿನ ಬಾಗಿಲಿಗೆ ಒಯ್ದು ನಿಲ್ಲಿಸಿತು. ಮೊಣಕಾಲುದ್ದ ಕೆಸರು, ಬೆನ್ನು ಮುರಿಯುವ ಬ್ರಷ್ಷು. ಅವರು ಟೀ ಲೋಟವನ್ನು ಪಕ್ಕಕ್ಕೆ ತಳ್ಳಿದರು.

ಅಷ್ಟರಲ್ಲಿ ಪ್ರೊಫೆಸರ್ ಬಾಗಿಲು ತಳ್ಳಿಕೊಂಡು ಬಂದರು. ಟಿಕೆಟ್ ತಪಾಸಣೆ ಮಾಡುವ ಈ ಮನುಷ್ಯ ಯಾವ ಕಾಲೇಜಿನಲ್ಲೂ ಪಾಠ ಹೇಳಿದವರಲ್ಲ. ಸಿಕ್ಕಿದವರಿಗೆಲ್ಲ ಹೇಳುತ್ತಿದ್ದರು, ಹಾಗಾಗಿ ಆ ಹೆಸರು. ಅವರ ಹಿಂದೆ ಟೈಪಿಸ್ಟಕ್ಕ, ಮೂಗು ಒರೆಸಿಕೊಳ್ಳುತ್ತಾ ಕ್ಯಾಷಿಯರ್, ಇನ್ನೂ ನಾಲ್ಕಾರು ಜನ.

"ಸಿಂಪಲ್ ತರ್ಕ," ಎಂದರು ಪ್ರೊಫೆಸರ್, ಕೊಡೆಯಪ್ಪನವರ ಕುರ್ಚಿಯಲ್ಲೇ ಕೂತು. "ಎಲ್ಲರಿಗೂ ಒಂದೇ ಅಂಕ ಬಂದ್ರೆ ಹೆಚ್ಚು ಯಾರು? ಕಡಿಮೆ ಯಾರು?"

"ಯಾರೂ ಇಲ್ಲ," ಎಂದರು ಟೈಪಿಸ್ಟಕ್ಕ.

"ಅಷ್ಟೇ! ಯಾರನ್ನ ಎಲ್ಲಿಗೆ ಹಾಕ್ತಾರೆ? ಎಲ್ಲಿಗೂ ಇಲ್ಲ. ಮೊದಲ ಹತ್ತು ಪ್ರಶ್ನೆ ಎಲ್ಲರೂ ಸರಿ ಬರೀಬೇಕು. ಕೊನೇ ಹತ್ತು ಎಲ್ಲರೂ ತಪ್ಪು ಬರೀಬೇಕು. ಎಲ್ಲರಿಗೂ ಹತ್ತು."

"ಮೊದಲ ಹತ್ತು ನಮಗೆ ಬರದೇ ಇದ್ರೆ?" ಎಂದು ಕ್ಯಾಷಿಯರ್ ಸೀನಿದರು.

"ನಾನಿಲ್ವಾ? ಪ್ರತಿ ಪ್ರಶ್ನೆಗೂ ನಾಲ್ಕು ಉತ್ತರ ಕೊಟ್ಟಿರ್ತಾರೆ. ಮೊದಲನೇದು ಸರಿ ಆದ್ರೆ ಒಂದು ಸಲ ಕೆಮ್ತೀನಿ, ಎರಡನೇದಾದ್ರೆ ಎರಡು ಸಲ. ಹಾಗೇ ನಾಲ್ಕರವರೆಗೆ."

"ಮತ್ತೆ ಕೊನೇ ಹತ್ತಕ್ಕೆ?" ಕೊಡೆಯಪ್ಪನವರು ಕೇಳಿದರು.

ಪ್ರೊಫೆಸರ್ ಅವರನ್ನು ಕನಿಕರದಿಂದ ನೋಡಿದರು. "ರೀ, ತಪ್ಪು ಬರೆಯೋದಕ್ಕೂ ಸಹಾಯ ಬೇಕೇನ್ರೀ ನಿಮಗೆ?"

ಎಲ್ಲರೂ ನಕ್ಕರು. ಕೊಡೆಯಪ್ಪನವರೂ ನಕ್ಕರು. ಬೆಳಗಿನಿಂದ ಮೊದಲ ಸಲ ಅವರಿಗೆ ಮೈ ಹಗುರವಾಯಿತು.

ಊಟವಾದ ಮೇಲೆ ಚಾಲಕರ ವಿಶ್ರಾಂತಿ ಕೋಣೆಯಲ್ಲಿ ಬೆಂಚು ಹಾಕಿ ಕೂರಿಸಿದರು. ಕೇಂದ್ರ ಕಚೇರಿಯಿಂದ ಬಂದಿದ್ದ ಅಧಿಕಾರಿಣಿ ಇಸ್ತ್ರಿ ಮಾಡಿದ ಹಾಗೆ ನೆಟ್ಟಗಿದ್ದರು. ಮಾತು ಮಾತ್ರ ಮೃದು.

ಮೊದಲ ಪ್ರಶ್ನೆ, ಮೀನಿಗೆ ನೀರು ಹೇಗೋ ಹಾಗೆ ಹಕ್ಕಿಗೆ ಏನು? ಪ್ರೊಫೆಸರ್ ಮೂರು ಸಲ ಕೆಮ್ಮಿದರು. ಇಡೀ ಕೋಣೆಯ ಪೆನ್ಸಿಲುಗಳು ಒಟ್ಟಿಗೆ ಗೀಚಿದವು. ಎರಡನೆಯದು, ಎಲ್ಲ ಕೆಂಪು ಬಸ್ಸುಗಳಿಗೂ ಆರು ಚಕ್ರ. ಈ ಬಸ್ಸಿಗೆ ಆರು ಚಕ್ರವಿದೆ. ಹಾಗಾದರೆ ಇದು ಕೆಂಪು ಬಸ್ಸೇ? ಪ್ರೊಫೆಸರ್ ಎರಡು ಸಲ ಕೆಮ್ಮಿದರು. ಅಷ್ಟರಲ್ಲಿ ನಿಜವಾಗಿಯೂ ನೆಗಡಿಯಾಗಿದ್ದ ಕ್ಯಾಷಿಯರ್ ತಡೆದುಕೊಳ್ಳಲಾಗದೆ ಐದಾರು ಸಲ ಕೆಮ್ಮಿಬಿಟ್ಟರು. ಕೋಣೆಯಲ್ಲಿ ಗಲಿಬಿಲಿಯಾಯಿತು. ಬರೆದದ್ದನ್ನು ಅಳಿಸುವ ಸದ್ದು ನಾಲ್ಕೂ ಮೂಲೆಯಿಂದ ಕೇಳಿಸಿತು. ಪ್ರೊಫೆಸರ್ ಕ್ಯಾಷಿಯರ್ ಕಡೆ ಕಣ್ಣು ಕೆಕ್ಕರಿಸಿ, ಮತ್ತೆ ಎರಡು ಸಲ ಸ್ಪಷ್ಟವಾಗಿ ಕೆಮ್ಮಿದರು.

ಏಳನೆಯ ಪ್ರಶ್ನೆಯ ಹೊತ್ತಿಗೆ ಅಧಿಕಾರಿಣಿಗೆ ಮರುಕ ಬಂತು. ಪ್ರೊಫೆಸರ್ ಹತ್ತಿರ ಬಂದು, ಚೀಲದಿಂದ ಕೆಮ್ಮಿನ ಮಾತ್ರೆ ತೆಗೆದು, "ಬಾಯಲ್ಲಿಟ್ಕೊಳ್ಳಿ, ಪಾಪ," ಎಂದರು. ಇಟ್ಟುಕೊಳ್ಳುವವರೆಗೆ ಅಲ್ಲಾಡಲಿಲ್ಲ. ಆಮೇಲೆ ಬಿಸಿನೀರು ತರಿಸಿ ಕುಡಿಸಿದರು. ಇಷ್ಟೆಲ್ಲ ಉಪಚಾರವಾದ ಮೇಲೂ ಕೆಮ್ಮುವುದಕ್ಕೆ ಪ್ರೊಫೆಸರ್‌ಗೆ ಮುಖವಿರಲಿಲ್ಲ. ಉಳಿದ ಪ್ರಶ್ನೆಗಳಿಗೆ ಬೆರಳಿನಿಂದ ಬೆಂಚು ಕುಟ್ಟಿದರು. ಸಿಬ್ಬಂದಿಗೆ ಅದು ಅರ್ಥವಾಯಿತು. ಹತ್ತೂ ಸುಸೂತ್ರವಾಗಿ ಮುಗಿಯಿತು.

ಇನ್ನು ತಪ್ಪು ಬರೆಯುವ ಸುಖದ ಕೆಲಸ. ಎರಡು, ನಾಲ್ಕು, ಎಂಟು, ಮುಂದೇನು? ಕೊಡೆಯಪ್ಪನವರು ಖುಷಿಯಿಂದ ಮೂರು ಎಂದು ಗುರುತು ಹಾಕಿದರು. ಹಸುವಿಗೆ ಕರು ಹೇಗೋ ಹಾಗೆ ನಾಯಿಗೆ? ಬೆಕ್ಕು. ಜೀವನದಲ್ಲಿ ಯಾವ ಪರೀಕ್ಷೆಯನ್ನೂ ಅವರು ಇಷ್ಟು ಆತ್ಮವಿಶ್ವಾಸದಿಂದ ಬರೆದಿರಲಿಲ್ಲ.

ಹದಿನೇಳನೆಯ ಪ್ರಶ್ನೆಗೆ ಬಂದಾಗ ಅವರ ಮುಖ ಅರಳಿತು. 'ಕತ್ತಲಾದಾಗ ದೀಪ ಹಚ್ಚುತ್ತಾರೆ, ಬೆಳಕಾದಾಗ ಆರಿಸುತ್ತಾರೆ. ಹಾಗೆಯೇ ಮಳೆ ಬಂದಾಗ ಕೊಡೆ ಬಿಡಿಸುತ್ತಾರೆ, ಮಳೆ ನಿಂತಾಗ ಕೊಡೆಯನ್ನು...' ಕೆಳಗೆ ನಾಲ್ಕು ಉತ್ತರಗಳಿದ್ದವು. ಕೊಳ್ಳುತ್ತಾರೆ, ಮಡಚುತ್ತಾರೆ, ತೊಳೆಯುತ್ತಾರೆ, ಮರೆಯುತ್ತಾರೆ.

ಇದೊಂದಕ್ಕೆ ಸರಿಯುತ್ತರ ಯಾವುದೆಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮಳೆ ನಿಂತ ದಿನ ಸಂಜೆ ತಮ್ಮ ಮೇಜಿನ ಮೇಲೆ ಬಂದು ಬೀಳುವ ರಾಶಿ ಅವರ ಕಣ್ಣ ಮುಂದೆ ಬಂತು. ಜನ ಮರೆಯುತ್ತಾರೆ, ಇದರಲ್ಲಿ ಅನುಮಾನವೇ ಇಲ್ಲ. ಸರಿಯಾದದ್ದನ್ನು ಬರೆಯುವ ಆಸೆ ಒಂದು ಕ್ಷಣ ಅವರನ್ನು ಕಾಡಿತು. ಆದರೆ ಕೊಟ್ಟ ಮಾತು ದೊಡ್ಡದು. ಅವರು ಮನಸ್ಸು ಗಟ್ಟಿ ಮಾಡಿಕೊಂಡು, ಅಪ್ಪಟ ತಪ್ಪು ಎನಿಸಿದ 'ಮಡಚುತ್ತಾರೆ'ಗೆ ಗುರುತು ಹಾಕಿದರು.

ಅಧಿಕಾರಿಣಿ ಅಲ್ಲೇ ಕೂತು ಉತ್ತರಪತ್ರಿಕೆ ತಿದ್ದಿದರು. ತಿದ್ದುತ್ತಾ ತಿದ್ದುತ್ತಾ ಅವರ ಹುಬ್ಬು ಮೇಲೇರಿತು.

"ವಿಚಿತ್ರವಾಗಿದೆ. ಎಲ್ಲರಿಗೂ ಹತ್ತು ಬಂದಿದೆ."

ಪ್ರೊಫೆಸರ್ ಗಂಭೀರವಾಗಿ ಚಾವಣಿ ನೋಡಿದರು. ಟೈಪಿಸ್ಟಕ್ಕ ಕ್ಯಾಷಿಯರನ್ನು ಮೊಣಕೈಯಿಂದ ತಿವಿದರು.

"ಒಬ್ಬರನ್ನ ಬಿಟ್ಟು," ಎಂದು ಅಧಿಕಾರಿಣಿ ಕೊನೆಯ ಹಾಳೆ ಎತ್ತಿದರು. "ಕಳೆದ ಸಾಮಾನಿನ ಕೋಣೆಯವರು ಯಾರು? ನಿಮಗೆ ಹನ್ನೊಂದು. ಅಭಿನಂದನೆ."

ಕೊಡೆಯಪ್ಪನವರು ಎದ್ದು ನಿಂತರು.

"ಸಾಧ್ಯವೇ ಇಲ್ಲ ಮೇಡಂ! ಯಾವುದು ಸರಿ ಅಂತ ಕೊಟ್ರಿ?"

"ಹದಿನೇಳು. ಮಳೆ ನಿಂತಾಗ ಕೊಡೆ ಮಡಚುತ್ತಾರೆ."

"ಅದು ತಪ್ಪು ಮೇಡಂ! ಮರೀತಾರೆ! ನನ್ನ ಕೋಣೆಗೆ ಬನ್ನಿ, ಕಣ್ಣಾರೆ ತೋರಿಸ್ತೀನಿ!"

"ನಾನು ಸರಿ ಅಂತಿದ್ದೀನಿ, ನೀವು ನಿಮ್ಮ ಉತ್ತರ ತಪ್ಪು ಅಂತ ಜಗಳಕ್ಕೆ ಬರ್ತಿದ್ದೀರಲ್ಲ!" ಅಧಿಕಾರಿಣಿ ಮೃದುವಾಗಿಯೇ ಹೇಳಿದರು. "ಆಕ್ಷೇಪಣೆ ಇದ್ರೆ ದೂರು ವಿಭಾಗಕ್ಕೆ ಕೊಡಿ."

"ಅಲ್ಲಿ ಯಾರಿದ್ದಾರೆ ಮೇಡಂ?"

"ನೀವು."

ಕೋಣೆಯಲ್ಲಿ ಯಾರೋ ಕಿಸಕ್ಕೆಂದರು. ಪ್ರೊಫೆಸರ್ ಬಂದು ಕೊಡೆಯಪ್ಪನವರ ಬೆನ್ನು ತಟ್ಟಿದರು. "ಹೋಗ್ಲಿ ಬಿಡಿ. ಒಬ್ಬರು ಹೋದ್ರೂ ಉಳಿದೋರು ಬಚಾವ್ ಆದ್ವಲ್ಲ."

"ಕೂತ್ಕೊಳ್ಳಿ, ಇನ್ನೂ ಮುಗಿದಿಲ್ಲ," ಎಂದರು ಅಧಿಕಾರಿಣಿ, ಆದೇಶದ ಪ್ರತಿ ಬಿಡಿಸುತ್ತಾ. "ಅತಿ ಹೆಚ್ಚು ಹನ್ನೊಂದು. ಅಂದ ಮೇಲೆ ಅತಿ ಕಡಿಮೆ ಹತ್ತು. ಅತಿ ಕಡಿಮೆ ಬಂದವರು ಎಷ್ಟೇ ಜನರಿದ್ದರೂ ತೊಳೆಯುವ ಶೆಡ್ಡು."

ನಗು ನಿಂತುಹೋಯಿತು. ಪ್ರೊಫೆಸರ್ ನಿಜವಾಗಿಯೂ ಕೆಮ್ಮಿದರು.

"ಮೇಡಂ, ಎಲ್ಲರೂ ಬಸ್ ತೊಳೆಯೋಕೆ ಹೋದ್ರೆ ಆಫೀಸು ನಡೆಸೋರು ಯಾರು?"

"ಹಗಲು ಆಫೀಸು ನಡೆಸಿ. ಸಂಜೆ ತೊಳೀರಿ. ಇವತ್ತಿಂದಲೇ."

ಸಂಜೆಗೆ ಡಿಪೋ ಮ್ಯಾನೇಜರು ಕಳೆದ ಸಾಮಾನಿನ ಕೋಣೆಗೆ ಬೀಗ ಜಡಿದು, ಕೊಡೆಯಪ್ಪನವರನ್ನು ದೂರು ವಿಭಾಗಕ್ಕೆ ಕರೆದೊಯ್ದು ಕೂರಿಸಿದರು. ಇಷ್ಟು ವರ್ಷ ನೆಮ್ಮದಿಯಾಗಿ ಮಲಗಿದ್ದ ಜಾಗ ನೆನೆದು ಅವರಿಗೆ ಅಳು ಬಂತು. ಕೂತ ಕುರ್ಚಿ ಗಟ್ಟಿ, ಎದುರಿಗೆ ಕಂಬಿ ಹಾಕಿದ ಕಿಟಕಿ. ಒಂದೇ ಸಮಾಧಾನವೆಂದರೆ, ಹೊತ್ತು ಮುಳುಗುತ್ತಿದೆ, ಪ್ರಯಾಣಿಕರೆಲ್ಲ ಮನೆ ಸೇರಿದ್ದಾರೆ, ಇವತ್ತಿಗಂತೂ ಯಾರೂ ಬರಲಾರರು. ಅವರು ಮೆಲ್ಲನೆ ಕಣ್ಣು ಮುಚ್ಚಿದರು.

ಯಾರೋ ಕಂಬಿಯನ್ನು ಟಕಟಕ ಬಡಿದರು.

ಕಣ್ಣು ತೆರೆದರೆ ಎದುರಿಗೆ ಪ್ರೊಫೆಸರ್. ಪ್ಯಾಂಟು ಮೊಣಕಾಲಿನವರೆಗೆ ಏರಿತ್ತು, ಕಿವಿಯ ಮೇಲೆ ಸೋಪಿನ ನೊರೆ. ಅವರ ಹಿಂದೆ ಬ್ರಷ್ಷು ಹಿಡಿದ ಟೈಪಿಸ್ಟಕ್ಕ, ಅವರ ಹಿಂದೆ ಒದ್ದೆಯಾಗಿ ಸೀನುತ್ತಿದ್ದ ಕ್ಯಾಷಿಯರ್, ಆಮೇಲೆ ಇಡೀ ಕಚೇರಿ. ಸಾಲು ಗೇಟಿನ ತನಕ ಇತ್ತು.

"ದೂರು ಕೊಡಬೇಕಿತ್ತು," ಎಂದರು ಪ್ರೊಫೆಸರ್.

"ಯಾರ ಮೇಲೆ?" ಕೊಡೆಯಪ್ಪನವರು ಕೇಳಿದರು.

"ನಿಮ್ಮ ಮೇಲೇ. ಅವಸರ ಇಲ್ಲ, ಆರಾಮಾಗಿ ಬರ್ಕೊಳ್ಳಿ. ಒಬ್ಬೊಬ್ಬರದೂ ಉದ್ದ ಇದೆ."

ಕೊಡೆಯಪ್ಪನವರು ಪೆನ್ನಿನ ಮುಚ್ಚಳ ತೆಗೆದರು.